ಉಪವಾಸ ಪ್ರಾರ್ಥನೆ: ಉಳಿದ ಊಟ ಯಾರ ಪಾಲು?

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಕಾಲದಲ್ಲಿ, ಫೆಬ್ರವರಿ–ಮಾರ್ಚ್ ತಿಂಗಳ ಯಾವುದಾದರೂ ಶುಕ್ರವಾರ ಬೆಂಗಳೂರಿನ ಒಂದು ದೊಡ್ಡ ಬಡಾವಣೆಯನ್ನು ಸುತ್ತಿ ಬಂದರೆ ಕ್ರೈಸ್ತರ ಉಪವಾಸ ನಾಲ್ಕು ಬಗೆಯಲ್ಲಿ ಕಾಣಸಿಗುತ್ತದೆ. ಕಥೋಲಿಕರ ಮನೆಯಲ್ಲಿ ಅಂದು ಮಾಂಸ ಬೇಯುವುದಿಲ್ಲ. ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿ. ಕೇರಳ ಮೂಲದ ಆರ್ಥೊಡಾಕ್ಸ್ ಕುಟುಂಬದಲ್ಲಿ ಮಾಂಸದ ಜೊತೆಗೆ ಮೀನು, ಮೊಟ್ಟೆ, ಹಾಲು ಎಲ್ಲವೂ ಈಸ್ಟರ್‌ವರೆಗೆ ಬಂದ್. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯವರು ಲೆಂಟ್ ಧ್ಯಾನಕೂಟಕ್ಕೆ ಹೊರಟಿರುತ್ತಾರೆ. ಊಟ ಬಿಡುವುದು, ಬಿಡದಿರುವುದು ಅವರವರ ಇಷ್ಟ. ಬಾಡಿಗೆ ಹಾಲಿನಲ್ಲಿ ಸೇರುವ ಪೆಂತೆಕೋಸ್ತ ಸಭೆಯಲ್ಲಿ ಬೆಳಿಗ್ಗೆ ಹತ್ತಕ್ಕೇ 'ಉಪವಾಸ ಪ್ರಾರ್ಥನೆ' ಶುರುವಾಗಿರುತ್ತದೆ. ಅದಕ್ಕೆ ಲೆಂಟ್ ಕಾಲವೇ ಬರಬೇಕೆಂದಿಲ್ಲ, ವರ್ಷವಿಡೀ ಶುಕ್ರವಾರ ಬಂದರೆ ಅದು ಇದ್ದೇ ಇದೆ.

ಹೊರಗಿನ ಕ್ರಮ ಹೀಗೆ ಬೇರೆಬೇರೆ. ಒಳಗಿನ ಪ್ರಶ್ನೆ ಮಾತ್ರ ಒಂದೇ. ದೇವರ ಕೃಪೆಗೆ ಬೆಲೆ ಕಟ್ಟಲಾಗದು, ಅದು ಉಚಿತವಾಗಿ ಬರುವುದು ಎಂದು ಸಾರುವ ಧರ್ಮದಲ್ಲಿ ಹಸಿದು ಕೂರುವುದರಿಂದ ಆಗುವುದೇನು? ಹಸಿವು ಪ್ರಾರ್ಥನೆಗೆ ಬಲ ಕೊಡುತ್ತದೆಯೇ? ತಿರುಗುವುದು ದೇವರ ಮನಸ್ಸೋ, ಹಸಿದವನ ಮನಸ್ಸೋ? ಎರಡು ಸಾವಿರ ವರ್ಷಗಳಲ್ಲಿ ಈ ಪ್ರಶ್ನೆಗೆ ಬಂದ ಮುಖ್ಯ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಇಂದು ನಮ್ಮ ಸಭೆಗಳು ಯಾವುದನ್ನು ಉಳಿಸಿಕೊಂಡಿವೆ, ಯಾವುದನ್ನು ಕೈಬಿಟ್ಟಿವೆ ಎಂಬುದು ತಿಳಿಯುತ್ತದೆ.

ಯೆಹೂದಿ ಬೇರು

ಮೋಶೆಯ ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದೇ ಉಪವಾಸ, ದೋಷಪರಿಹಾರಕ ದಿನದ್ದು. ಉಳಿದವು ಸಂಕಟ ಬಂದಾಗ ಜನ ತಾವಾಗಿ ಹಿಡಿದವು. ಯೆಹೂದಿಗಳನ್ನು ಅಳಿಸಿಹಾಕುವ ಹಾಮಾನನ ಸಂಚು ತಿಳಿದ ರಾಣಿ ಎಸ್ತೇರಳು ಅರಸನ ಮುಂದೆ ಹೋಗುವ ಮೊದಲು, ಮೂರು ದಿನ ಅನ್ನ ನೀರು ಮುಟ್ಟದೆ ತನಗಾಗಿ ಇರಬೇಕೆಂದು ತನ್ನ ಜನರನ್ನು ಕೇಳಿಕೊಂಡಳು. ಯೋನನ ಎಚ್ಚರಿಕೆ ಕೇಳಿದ ನಿನೆವೆಯ ಅರಸ ದನಕರುಗಳೂ ಮೇಯಕೂಡದು ಎಂದು ಡಂಗುರ ಹೊಡೆಸಿದ. ಯೆರೂಸಲೇಮ್ ಹಾಳಾದ ಮೇಲೆ ಆ ದುಃಖದ ನೆನಪಿಗೆ ವರ್ಷದ ನಾಲ್ಕು ತಿಂಗಳುಗಳಲ್ಲಿ ಉಪವಾಸ ಸೇರಿಕೊಂಡಿತು.

ಬೇಡಿಕೆ ಈಡೇರದ ಉಪವಾಸವೂ ಹಳೇ ಒಡಂಬಡಿಕೆಯಲ್ಲಿದೆ. ದಾವೀದನ ಮಗು ಕಾಯಿಲೆ ಬಿದ್ದಾಗ ಅವನು ಊಟ ಬಿಟ್ಟು, ರಾತ್ರಿಯೆಲ್ಲ ನೆಲದ ಮೇಲೆ ಬಿದ್ದುಕೊಂಡು ಬೇಡಿದ. ಏಳನೇ ದಿನ ಮಗು ತೀರಿಕೊಂಡಿತು. ಸುದ್ದಿ ತಿಳಿಸಲು ಆಳುಗಳಿಗೆ ಹೆದರಿಕೆ. ದಾವೀದನೋ ಎದ್ದು ಸ್ನಾನ ಮಾಡಿ, ಬಟ್ಟೆ ಬದಲಿಸಿ, ದೇವರ ಆಲಯದಲ್ಲಿ ಅಡ್ಡಬಿದ್ದು, ಮನೆಗೆ ಬಂದು ಬಡಿಸಿರೆಂದ. ಬೆರಗಾದವರಿಗೆ ಅವನು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಮಗು ಬದುಕಿದ್ದಾಗ ದೇವರು ಕನಿಕರಿಸಿಯಾನೆಂದು ಅತ್ತೆ, ಇನ್ನು ಹಸಿದಿದ್ದು ಅದನ್ನು ಕರೆತರಲಾದೀತೇ? ಉಪವಾಸ ಮಾಡಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ ಎನ್ನುವ ಬೋಧಕರು ಎರಡನೇ ಸಮುವೇಲನ ಈ 12ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು.

ಪ್ರವಾದಿಗಳು ಇನ್ನೂ ಖಾರವಾಗಿ ಮಾತಾಡಿದರು. ನಾವು ಉಪವಾಸ ಮಾಡಿದ್ದು ನಿನಗೇಕೆ ಕಾಣಲಿಲ್ಲ ಎಂದು ಜನ ದೇವರನ್ನು ದೂರಿದಾಗ, ಯೆಶಾಯನ 58ನೇ ಅಧ್ಯಾಯ ಅವರಿಗೆ ತಿರುಗೇಟು ಕೊಡುತ್ತದೆ. ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಡಿ ದುಡಿಸುತ್ತೀರಿ, ಜಗಳಕ್ಕೆ ನಿಲ್ಲುತ್ತೀರಿ. ತಲೆ ಬಗ್ಗಿಸಿ ಬೂದಿಯಲ್ಲಿ ಕೂತರೆ ಅದು ಉಪವಾಸವಾಯಿತೇ? ಕಟ್ಟಿಹಾಕಿದವರನ್ನು ಬಿಡಿಸುವುದು, ಹಸಿದವರಿಗೆ ಅನ್ನ ಹಂಚುವುದು, ಮನೆಯಿಲ್ಲದವರನ್ನು ಒಳಗೆ ಕರೆಯುವುದು ನನಗೆ ಬೇಕಾದ ಉಪವಾಸ ಎಂದು ದೇವರು ಹೇಳಿದನೆಂಬುದು ಆ ಅಧ್ಯಾಯದ ಸಾರ. ಜೆಕರ್ಯನೂ ಇದೇ ಧಾಟಿಯಲ್ಲಿ, ಎಪ್ಪತ್ತು ವರ್ಷ ಉಪವಾಸ ಮಾಡಿದ್ದು ನನಗಾಗಿಯೋ ನಿಮಗಾಗಿಯೋ ಎಂದು ದೇವರ ಪರವಾಗಿ ಕೇಳುತ್ತಾನೆ. ಕ್ರೈಸ್ತ ಉಪವಾಸದ ಮುಂದಿನ ಚರ್ಚೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಅಧ್ಯಾಯಗಳಿಗೆ ಬಂದು ನಿಲ್ಲುತ್ತವೆ.

ಯೇಸು ಹೇಳಿದ್ದು, ಹೇಳದೇ ಬಿಟ್ಟಿದ್ದು

ಯೇಸು ತನ್ನ ಸೇವೆ ಆರಂಭಿಸುವ ಮುನ್ನ ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದ. ಆದರೆ ಶಿಷ್ಯರಿಗೆ ಇಂತಿಂಥ ದಿನ ಉಪವಾಸ ಮಾಡಿ ಎಂದು ಎಲ್ಲಿಯೂ ವಿಧಿಸಲಿಲ್ಲ. ಯೋಹಾನನ ಶಿಷ್ಯರು, ಫರಿಸಾಯರು ಉಪವಾಸ ಮಾಡುವಾಗ ನಿನ್ನವರೇಕೆ ಮಾಡುವುದಿಲ್ಲ ಎಂದು ಕೇಳಿದವರಿಗೆ ಅವನು ಮದುವೆಮನೆಯ ಉದಾಹರಣೆ ಕೊಟ್ಟ: ಮದುಮಗ ಜೊತೆಯಲ್ಲಿರುವ ತನಕ ದಿಬ್ಬಣದವರು ಉಪವಾಸ ಮಾಡುವುದಿಲ್ಲ; ಅವನನ್ನು ಅವರಿಂದ ಅಗಲಿಸುವ ದಿನ ಬಂದಾಗ ಮಾಡುತ್ತಾರೆ. ಮುಂದೆ ಸಭೆಯವರು ಶುಭ ಶುಕ್ರವಾರಕ್ಕೂ ಉಪವಾಸಕ್ಕೂ ಗಂಟು ಹಾಕಿದ್ದು ಈ ಮಾತಿನ ಆಧಾರದ ಮೇಲೆ.

ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಂದರ ಹಿಂದೆ ಒಂದಾಗಿ, ಒಂದೇ ಅಚ್ಚಿನಲ್ಲಿ ವಿವರಿಸುತ್ತಾನೆ. ಮೂರಕ್ಕೂ ಷರತ್ತು ಒಂದೇ: ಪ್ರದರ್ಶನ ಬೇಡ. ಉಪವಾಸ ಮಾಡುವವನು ಮುಖ ಬಾಡಿಸಿಕೊಂಡು ತಿರುಗದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡಿರಲಿ ಎನ್ನುತ್ತಾನೆ. ವಾರಕ್ಕೆರಡು ಸಲ ಉಪವಾಸ ಮಾಡುತ್ತೇನೆಂದು ದೇವಾಲಯದಲ್ಲಿ ಲೆಕ್ಕ ಒಪ್ಪಿಸಿದ ಫರಿಸಾಯನ ಸಾಮ್ಯ ಲೂಕನಲ್ಲಿದೆ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನಲ್ಲ, ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನು.

'ಉಪವಾಸ ಪ್ರಾರ್ಥನೆ' ಎಂಬ ಜೋಡಿಗೆ ಇಂದು ಹೆಚ್ಚಾಗಿ ಕೊಡುವ ಆಧಾರ ಮಾರ್ಕನ 9ನೇ ಅಧ್ಯಾಯ. ಶಿಷ್ಯರಿಗೆ ಬಿಡಿಸಲಾಗದ ದೆವ್ವವನ್ನು ಬಿಡಿಸಿದ ಯೇಸು, ಈ ಜಾತಿಯದ್ದು ಪ್ರಾರ್ಥನೆಯಿಂದಲ್ಲದೆ ಹೋಗದು ಎಂದ. ಕೆಲವು ಬೈಬಲ್‌ಗಳಲ್ಲಿ ಅಲ್ಲಿ ಪ್ರಾರ್ಥನೆಯ ಜೊತೆ ಉಪವಾಸವೂ ಇದೆ. 4ನೇ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಾದ ಸಿನಾಯ್ ಪ್ರತಿಯ ಮೂಲ ಬರಹದಲ್ಲೂ ವ್ಯಾಟಿಕನ್ ಪ್ರತಿಯಲ್ಲೂ ಉಪವಾಸ ಇಲ್ಲ. ಅದು ಆಮೇಲೆ ಸೇರಿದ್ದೆಂದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲೂ ಇದೇ ಆಗಿದೆ. ಪ್ರತಿ ಮಾಡುತ್ತಿದ್ದವರ ಕಾಲಕ್ಕೆ ಪ್ರಾರ್ಥನೆ ಎಂದೊಡನೆ ಉಪವಾಸವೂ ನೆನಪಿಗೆ ಬರುವಷ್ಟು ಎರಡೂ ಬೆಸೆದುಹೋಗಿದ್ದವು ಎಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಈ ಜೋಡಿ ಹೊಸ ಒಡಂಬಡಿಕೆಗೆ ಹೊರಗಿನದೇನಲ್ಲ. ದೇವಾಲಯ ಬಿಟ್ಟು ಹೋಗದೆ ಹಗಲಿರುಳು ಉಪವಾಸ ಪ್ರಾರ್ಥನೆಗಳಲ್ಲಿದ್ದ ವೃದ್ಧ ವಿಧವೆ ಅನ್ನಳನ್ನು ಲೂಕ ಪರಿಚಯಿಸುತ್ತಾನೆ. ಅಂತಿಯೋಕ್ಯದ ಸಭೆ ಬಾರ್ನಬ ಸೌಲರನ್ನು ಸುವಾರ್ತೆಗೆ ಕಳುಹಿಸಿದ್ದು ಉಪವಾಸವಿದ್ದು ಪ್ರಾರ್ಥಿಸಿದ ಮೇಲೆ. ಊರೂರಿನ ಸಭೆಗೆ ಹಿರಿಯರನ್ನು ನೇಮಿಸುವಾಗಲೂ ಅದೇ ಕ್ರಮ. ಇಲ್ಲೆಲ್ಲ ಉಪವಾಸ ಮಾಡಿದವರು ಬೇಡಿದ್ದು ಲಾಭವನ್ನಲ್ಲ, ಮುಂದೆ ಏನು ಮಾಡಬೇಕೆಂಬ ತಿಳಿವನ್ನು.

ಮೊದಲ ಶತಮಾನಗಳ ಲೆಕ್ಕ

1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿದ 'ದಿದಖೆ' ಎಂಬ ಪುಟ್ಟ ಗ್ರಂಥ ಸಭೆಯ ತೀರಾ ಹಳೆಯ ಕೈಪಿಡಿಗಳಲ್ಲೊಂದು. ಕಪಟಿಗಳು ಸೋಮವಾರ ಗುರುವಾರ ಉಪವಾಸ ಮಾಡುತ್ತಾರೆ, ನೀವು ಬುಧವಾರ ಶುಕ್ರವಾರ ಮಾಡಿ ಎಂದು ಅದು ವಿಧಿಸುತ್ತದೆ. ದೀಕ್ಷಾಸ್ನಾನ ಪಡೆಯುವವನೂ ಕೊಡುವವನೂ ಮುಂಚಿತವಾಗಿ ಉಪವಾಸವಿರಬೇಕು. ಯೆಹೂದಿಗಳಿಂದ ತಮ್ಮನ್ನು ಬೇರೆ ಎಂದು ತೋರಿಸಿಕೊಳ್ಳಲು ವಾರ ಬದಲಾಯಿತೇ ಹೊರತು ವಾರಕ್ಕೆರಡರ ಲೆಕ್ಕ ಬದಲಾಗಲಿಲ್ಲ. ಶುಕ್ರವಾರದ ಉಪವಾಸ ಬಂದ ದಾರಿ ಇದು.

2ನೇ ಶತಮಾನದ ಎರಡು ಬರಹಗಳು ಇನ್ನೂ ಮುಖ್ಯ. ರೋಮಿನಲ್ಲಿ ಹುಟ್ಟಿದ 'ಹೆರ್ಮನ ಕುರುಬ' ಎಂಬ ಕೃತಿಯಲ್ಲಿ ದೇವದೂತ ಹೆರ್ಮನಿಗೆ ಉಪವಾಸದ ವಿಧಾನವನ್ನೇ ಕಲಿಸುತ್ತಾನೆ. ಆ ದಿನ ರೊಟ್ಟಿ ನೀರು ಬಿಟ್ಟು ಬೇರೇನೂ ಮುಟ್ಟಬೇಡ. ಬೇರೆ ದಿನ ಏನೇನು ತಿನ್ನುತ್ತಿದ್ದೆಯೋ ಅದರ ಖರ್ಚು ಲೆಕ್ಕ ಹಾಕು. ಆ ಹಣವನ್ನು ಎತ್ತಿಟ್ಟು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಇದು ಉಪದೇಶದ ಮಾತಿಗಿಂತ ಹೆಚ್ಚಾಗಿ ಮನೆಖರ್ಚಿನ ಲೆಕ್ಕ. ಅಥೆನ್ಸಿನ ಅರಿಸ್ತಿದೆಸ್ ರೋಮ್ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ ಕ್ರೈಸ್ತರ ನಡತೆಯನ್ನು ವಿವರಿಸುತ್ತ, ತಮ್ಮಲ್ಲಿ ಯಾರಾದರೂ ಬಡವರಿದ್ದು ಕೊಡಲು ಹೆಚ್ಚುವರಿ ಏನೂ ಇಲ್ಲದಿದ್ದರೆ ಅವರು ಎರಡು ಮೂರು ದಿನ ಉಪವಾಸವಿದ್ದು ಆ ಆಹಾರವನ್ನು ಬಡವನಿಗೆ ಒದಗಿಸುತ್ತಾರೆ ಎಂದು ಹೇಳುತ್ತಾನೆ. ಅಂದರೆ ಆ ಸಭೆಯಲ್ಲಿ ಉಪವಾಸ ಮಾಡುತ್ತಿದ್ದವರೂ ಉಳ್ಳವರಲ್ಲ. ಕೊಡಲು ಕೈಯಲ್ಲಿ ಬೇರೇನೂ ಇಲ್ಲದ ಕಾರಣ ತಟ್ಟೆಯಲ್ಲಿದ್ದುದನ್ನೇ ಕೊಟ್ಟವರು.

ದಿನಗಳ ಬಗ್ಗೆ ಒಮ್ಮತ ಬರಲು ಬಹಳ ಕಾಲ ಹಿಡಿಯಿತು. ಸುಮಾರು 190ರಲ್ಲಿ ಲಿಯಾನ್‌ನ ಐರೇನಿಯಸ್ ರೋಮಿನ ಬಿಷಪ್ ವಿಕ್ಟರನಿಗೆ ಬರೆದ ಪತ್ರದ ಪ್ರಕಾರ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚೆ ಕೆಲವರದು ಒಂದು ದಿನದ ಉಪವಾಸ, ಕೆಲವರದು ಎರಡು ದಿನದ್ದು, ಇನ್ನು ಕೆಲವರದು ನಲವತ್ತು ಗಂಟೆಯದ್ದು. ಉಪವಾಸದಲ್ಲಿ ಭೇದವಿರುವುದರಿಂದಲೇ ನಂಬಿಕೆಯಲ್ಲಿನ ಒಗ್ಗಟ್ಟು ಎದ್ದು ಕಾಣುತ್ತದೆ ಎಂಬುದು ಅವನ ತೀರ್ಮಾನ. 325ರ ನೈಸಿಯಾ ಮಹಾಸಭೆಯ 5ನೇ ನಿಯಮದ ಹೊತ್ತಿಗೆ 'ನಲವತ್ತು ದಿನ' ಎಂಬುದು ಎಲ್ಲರಿಗೂ ತಿಳಿದ ಮಾತಾಗಿತ್ತು. ಆಮೇಲೂ ಊರಿಗೊಂದು ಕ್ರಮ ಇದ್ದೇ ಇತ್ತು. ಮಿಲಾನ್‌ಗೆ ಬಂದ ಅಗಸ್ಟೀನನ ತಾಯಿ ಮೋನಿಕಾಳಿಗೆ ಶನಿವಾರ ಉಪವಾಸ ಮಾಡಬೇಕೇ ಬೇಡವೇ ಎಂಬ ಗೊಂದಲ. ಮಗ ಹೋಗಿ ಬಿಷಪ್ ಆಂಬ್ರೋಸನನ್ನು ಕೇಳಿದ. ನಾನು ರೋಮಿಗೆ ಹೋದರೆ ಶನಿವಾರ ಉಪವಾಸವಿರುತ್ತೇನೆ, ಇಲ್ಲಿದ್ದರೆ ಇರುವುದಿಲ್ಲ, ಹೋದ ಊರಿನ ಕ್ರಮ ಪಾಲಿಸು ಎಂಬರ್ಥದ ಉತ್ತರ ಬಂತು. ಅಗಸ್ಟೀನ ಅದನ್ನು ಜೀವನವಿಡೀ ನೆನೆದ.

ಮರುಭೂಮಿಯ ವಿವೇಕ, ಮಧ್ಯಯುಗದ ಅತಿ

ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಕಠಿಣ ಉಪವಾಸದ ಕತೆಗಳು ಪ್ರಸಿದ್ಧ. ಅವರ ನಡುವೆ ಬಾಳಿ ಬಂದ ಜಾನ್ ಕ್ಯಾಸಿಯನ್ ದಾಖಲಿಸಿದ್ದರಲ್ಲಿ ಹೆಚ್ಚಾಗಿ ಕಾಣುವುದು ವಿವೇಕ. ಅತಿಯಾಗಿ ಉಂಡರೂ ಅತಿಯಾಗಿ ಹಸಿದರೂ ಕೆಡುಕು ಒಂದೇ ಎಂಬುದು ಅಬ್ಬಾ ಮೋಸೆಸ್‌ನ ಉಪದೇಶ; ದಿನಕ್ಕೆ ಎರಡು ಸಣ್ಣ ಒಣರೊಟ್ಟಿ ಅವನ ಅಳತೆ. ಅತಿಥಿಗಳು ಬಂದೊಡನೆ ಉಪವಾಸ ಮುರಿದು ಜೊತೆಗೆ ಉಂಡ ಹಿರಿಯನೊಬ್ಬನ ಪ್ರಸಂಗವೂ ಅಲ್ಲಿದೆ. ಉಪವಾಸ ಸದಾ ನನ್ನ ಜೊತೆಗೇ ಇರುತ್ತದೆ, ನೀವು ಮಾತ್ರ ಹೊರಟುಹೋಗುತ್ತೀರಿ ಎಂದನಂತೆ. 387ರ ಲೆಂಟ್ ಕಾಲದಲ್ಲಿ, ತೆರಿಗೆ ದಂಗೆಯ ನಂತರ ಚಕ್ರವರ್ತಿಯ ಕೋಪಕ್ಕೆ ನಡುಗುತ್ತಿದ್ದ ಅಂತಿಯೋಕ್ಯದಲ್ಲಿ ಬೋಧಿಸಿದ ಜಾನ್ ಕ್ರಿಸೊಸ್ತಮ್, ಬಾಯಿಯಷ್ಟೇ ಅಲ್ಲದೆ ಕಣ್ಣು, ಕಿವಿ, ಕೈ, ಕಾಲು ಕೂಡ ಉಪವಾಸ ಮಾಡಲಿ ಎಂದ. ಕೋಳಿ ಮೀನು ಬಿಟ್ಟು ಅಣ್ಣತಮ್ಮಂದಿರನ್ನು ಕಚ್ಚಿ ತಿಂದರೆ ಏನು ಬಂತು ಎಂದು ಕೇಳಿದವನೂ ಅವನೇ.

ಈ ವಿವೇಕ ಎಲ್ಲ ಕಾಲದಲ್ಲೂ ಉಳಿಯಲಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಸಂತ ಸ್ತ್ರೀಯರು ತಿಂಗಳುಗಟ್ಟಲೆ ಅನ್ನ ಬಿಟ್ಟು ಪರಮಪ್ರಸಾದದಲ್ಲೇ ಬದುಕಿದರೆಂಬ ಕಥನಗಳು ಹರಡಿದವು. ಸಿಯೆನಾದ ಕ್ಯಾಥರೀನ್ 1380ರಲ್ಲಿ ತೀರಿಕೊಂಡಾಗ ಅವಳಿಗೆ 33 ವರ್ಷ; ಕೊನೆಯ ವರ್ಷಗಳಲ್ಲಿ ಅವಳ ದೇಹ ಆಹಾರವನ್ನೇ ಒಪ್ಪುತ್ತಿರಲಿಲ್ಲ. ಇದನ್ನು ಇಂದಿನ ಅನೊರೆಕ್ಸಿಯಾ ರೋಗದ ಪೂರ್ವರೂಪವೆಂದು 1985ರಲ್ಲಿ ರುಡಾಲ್ಫ್ ಬೆಲ್ ವಾದಿಸಿದರು. ಎರಡು ವರ್ಷಗಳ ನಂತರ ಕ್ಯಾರೊಲೈನ್ ವಾಕರ್ ಬೈನಮ್ ಬೇರೆ ದಾರಿ ಹಿಡಿದರು: ಅಡುಗೆ, ಊಟದ ಮೇಲಲ್ಲದೆ ಬೇರೆ ಯಾವುದರ ಮೇಲೂ ಹಿಡಿತವಿರದ ಹೆಂಗಸರಿಗೆ ಉಪವಾಸವೂ ಅನ್ನದಾನವೂ ಧಾರ್ಮಿಕ ಅಧಿಕಾರದ ದಾರಿಯಾದವು ಎಂದರು. ಎರಡನೆಯ ವಿವರಣೆ ಇಂದಿನ ಪ್ರಾರ್ಥನಾ ಕೂಟಗಳಿಗೂ ಬೆಳಕು ಚೆಲ್ಲುತ್ತದೆ. ಅಲ್ಲೂ ಮುಂದಾಳುಗಳು ಗಂಡಸರು, ಹಸಿದು ಕೂರುವವರಲ್ಲಿ ಹೆಚ್ಚಿನವರು ಹೆಂಗಸರು.

ಬೆಣ್ಣೆಯ ಗೋಪುರ, ಜ್ಯೂರಿಕ್‌ನ ಸಾಸೇಜ್

ಉಪವಾಸ ಕಾನೂನಾದ ಮೇಲೆ ವಿನಾಯಿತಿಗೆ ಬೆಲೆ ಬಂತು. ಲೆಂಟ್‌ನಲ್ಲಿ ಮಾಂಸದ ಜೊತೆ ಬೆಣ್ಣೆ, ಹಾಲು, ಮೊಟ್ಟೆಯೂ ನಿಷಿದ್ಧ. ದಕ್ಷಿಣ ಯೂರೋಪಿನವರಿಗೆ ಆಲಿವ್ ಎಣ್ಣೆ ಇತ್ತು. ಉತ್ತರದವರಿಗೆ ಬೆಣ್ಣೆ ಬಿಟ್ಟರೆ ಗತಿಯಿಲ್ಲ. ಕಾಣಿಕೆ ಕೊಟ್ಟವರಿಗೆ ಬೆಣ್ಣೆ ತಿನ್ನಲು ಅನುಮತಿ ಸಿಗುತ್ತಿತ್ತು. ಫ್ರಾನ್ಸಿನ ರೂಆನ್ ಪ್ರಧಾನಾಲಯದಲ್ಲಿ 15ನೇ ಶತಮಾನದ ಕೊನೆಯಲ್ಲಿ ಕಟ್ಟಲಾರಂಭಿಸಿದ ಗೋಪುರಕ್ಕೆ 'ಬೆಣ್ಣೆ ಗೋಪುರ' ಎಂಬ ಹೆಸರು ಅಂಟಿಕೊಂಡಿದ್ದು ಈ ಹಣದಿಂದ. ಬಡವನ ಪಾಲಿಗೆ ಹೋಗಬೇಕಿದ್ದ ಉಪವಾಸದ ಉಳಿಕೆ ಕಲ್ಲುಕಟ್ಟಡಕ್ಕೆ ಹೋಯಿತು. 1520ರಲ್ಲಿ ಸುಧಾರಕ ಲೂಥರ್ ಈ ಬೆಣ್ಣೆ ವ್ಯಾಪಾರವನ್ನು ಹೆಸರೆತ್ತಿ ಜರೆದ.

ಎರಡು ವರ್ಷಗಳ ನಂತರ ಜ್ಯೂರಿಕ್‌ನಲ್ಲಿ ಇದು ಬೀದಿಗೆ ಬಂತು. 1522ರ ಲೆಂಟ್‌ನ ಮೊದಲ ಭಾನುವಾರ ಮುದ್ರಕ ಕ್ರಿಸ್ಟೋಫರ್ ಫ್ರೊಶೌವರ್‌ನ ಮನೆಯಲ್ಲಿ ಎರಡು ಸಾಸೇಜ್ ಕತ್ತರಿಸಿ ಹಂಚಲಾಯಿತು. ಅಲ್ಲಿದ್ದ ಪಾದ್ರಿ ಜ್ವಿಂಗ್ಲಿ ತಾನು ತಿನ್ನಲಿಲ್ಲ, ತಿಂದವರನ್ನು ತಡೆಯಲೂ ಇಲ್ಲ. ಫ್ರಾಂಕ್‌ಫರ್ಟ್ ಜಾತ್ರೆಯ ಒಳಗೆ ಪುಸ್ತಕ ಮುಗಿಸಬೇಕು, ಆಳುಗಳು ಹಗಲಿರುಳು ದುಡಿಯುತ್ತಿದ್ದಾರೆ, ಬರೀ ಅಂಬಲಿಯಿಂದ ಮೈ ತಡೆಯದು, ಸದಾ ಮೀನು ಕೊಳ್ಳಲು ಆಗದು ಎಂದು ಫ್ರೊಶೌವರ್ ನಗರಸಭೆಯ ಮುಂದೆ ಹೇಳಿಕೆ ಕೊಟ್ಟ. ದೊಡ್ಡ ದೇವತಾಶಾಸ್ತ್ರದ ಹಿಂದೆ ಹೀಗೊಂದು ಕೂಲಿಯವರ ಹೊಟ್ಟೆಯ ಪ್ರಶ್ನೆ ಇತ್ತು. ಜ್ವಿಂಗ್ಲಿ ಮಾರ್ಚ್ 23ರಂದು ಆಹಾರದ ಸ್ವಾತಂತ್ರ್ಯದ ಬಗ್ಗೆ ಬೋಧಿಸಿದ: ಉಪವಾಸ ಮಾಡುವವನು ಮಾಡಲಿ, ಮಾಡದವನ ಮೇಲೆ ಅದನ್ನು ಹೇರಬೇಡಿ.

ಸುಧಾರಕರು ಉಪವಾಸವನ್ನೇ ಅಳಿಸಿಹಾಕಿದರೆಂಬ ಮಾತು ತಪ್ಪು. ಅದರಿಂದ ಪುಣ್ಯ ಸಂಪಾದನೆ ಆಗುತ್ತದೆಂಬುದನ್ನು ಅಳಿಸಿದರು. ಲೂಥರ್ ಅದನ್ನು ಒಳ್ಳೆಯ ಹೊರಗಿನ ಶಿಸ್ತು ಎಂದ. ಕಾಲ್ವಿನ್ ಮೂರು ಉದ್ದೇಶ ಗುರುತಿಸಿದ: ದೇಹವನ್ನು ಹತೋಟಿಯಲ್ಲಿಡುವುದು, ಪ್ರಾರ್ಥನೆಗೆ ಸಿದ್ಧವಾಗುವುದು, ದೇವರೆದುರು ತಗ್ಗಿದ್ದೇವೆಂದು ಸಾರುವುದು. 18ನೇ ಶತಮಾನದಲ್ಲಿ ಜಾನ್ ವೆಸ್ಲಿ ಮೆಥಡಿಸ್ಟರಿಗೆ ಶುಕ್ರವಾರದ ಉಪವಾಸವನ್ನು ಮರಳಿ ಕೊಟ್ಟ. ಅಂತರ್ಯುದ್ಧದ ನಡುವೆ ಲಿಂಕನ್ 1863ರ ಏಪ್ರಿಲ್ 30ನ್ನು ಅಮೆರಿಕಕ್ಕೆಲ್ಲ ಉಪವಾಸ ಪ್ರಾರ್ಥನೆಯ ದಿನವೆಂದು ಸಾರಿದ.

ಪೂರ್ವದ ಸಭೆಗಳು

ಕಾನೂನೂ ಜನಜೀವನವೂ ಬೆರೆತು ಉಳಿದಿರುವುದು ಪೂರ್ವದ ಸಭೆಗಳಲ್ಲಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಭಕ್ತರಿಗೆ ವರ್ಷದಲ್ಲಿ ಸುಮಾರು 180 ದಿನ, ಪಾದ್ರಿ ಸನ್ಯಾಸಿಗಳಿಗೆ ಸುಮಾರು 250 ದಿನ ಉಪವಾಸ. ಈಸ್ಟರ್ ಮುಂಚಿನ ದೊಡ್ಡ ಉಪವಾಸವೇ 55 ದಿನ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ. ಬೇಳೆ, ಕಾಳು, ಸೊಪ್ಪಿನ ಪಲ್ಯಗಳ ಜೊತೆ ಇಂಜೆರಾ ರೊಟ್ಟಿ ತಿನ್ನುವ ಒಂದು ಇಡೀ ಅಡುಗೆ ಪದ್ಧತಿ ಅಲ್ಲಿ ಈ ಉಪವಾಸದಿಂದ ಬೆಳೆದಿದೆ.

ಕೇರಳದ ಸಿರಿಯನ್ ಕ್ರೈಸ್ತರ ವರ್ಷವೂ ನೋಂಬುಗಳಿಂದ (ಉಪವಾಸ ಕಾಲಗಳಿಂದ) ಅಳೆದದ್ದು: ಈಸ್ಟರ್ ಮುಂಚಿನ ಐವತ್ತು ನೋಂಬು, ಕ್ರಿಸ್‌ಮಸ್ ಮುಂಚಿನ ಇಪ್ಪತ್ತೈದು ನೋಂಬು, ಸೆಪ್ಟೆಂಬರ್ ಮೊದಲ ವಾರದ ಎಂಟು ನೋಂಬು, ನಿನೆವೆಯ ನೆನಪಿನ ಮೂರು ನೋಂಬು. ಕುರವಿಲಂಗಾಡಿನಲ್ಲಿ ಮೂರು ನೋಂಬಿನ ಹಬ್ಬಕ್ಕೆ ಮರದ ಹಡಗೊಂದನ್ನು ಹೊತ್ತು, ಬಿರುಗಾಳಿಗೆ ಸಿಕ್ಕಿದ ಯೋನನ ಹಡಗಿನಂತೆ ಹೊಯ್ದಾಡಿಸುತ್ತ ಮೆರವಣಿಗೆ ಮಾಡುತ್ತಾರೆ. ಮಲೆನಾಡಿಗೂ ದಕ್ಷಿಣ ಕನ್ನಡಕ್ಕೂ ಬಂದು ನೆಲೆಸಿದ ಕುಟುಂಬಗಳ ಜೊತೆ ಈ ನೋಂಬುಗಳೂ ಕರ್ನಾಟಕಕ್ಕೆ ಬಂದವು. 1999ರಲ್ಲಿ ಬೆಳ್ತಂಗಡಿ, 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಈ ಪರಂಪರೆಯ ಸಿರೋ ಮಲಬಾರ್ ಸಭೆಯ ಧರ್ಮಪ್ರಾಂತ್ಯಗಳಾದವು.

ಕನ್ನಡ ನಾಡಿನ ಕತೆ

1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಲಿಯೊನಾರ್ಡೊ ಚಿನ್ನಾಮಿ, ಮಧುರೆಯಲ್ಲಿ ರೊಬೆರ್ಟೊ ದೆ ನೊಬಿಲಿ ಹಾಕಿಕೊಟ್ಟ ದಾರಿಯಲ್ಲೇ ಸನ್ಯಾಸಿಯ ವೇಷ ತೊಟ್ಟ. ನೊಬಿಲಿಯ ಕ್ರಮದಲ್ಲಿ ದಿನಕ್ಕೊಂದೇ ಹೊತ್ತು, ಮಾಂಸವಿಲ್ಲದ ಊಟ. ಒಂದೂವರೆ ಶತಮಾನದ ಮೇಲೆ ಮೈಸೂರು ಸೀಮೆಯಲ್ಲಿ ಸೇವೆ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕೂಡ ಇಲ್ಲಿನವರಂತೆ ಉಟ್ಟು ಉಂಡು ಬಾಳಿದ. ಇವರ ಸಂಯಮ ಲೆಂಟ್‌ನ ಉಪವಾಸಕ್ಕಿಂತ ದೊಡ್ಡದು, ವರ್ಷವಿಡೀ ನಡೆಯುವಂಥದ್ದು. ಆದರೆ ಅದು ಊರವರ ಗೌರವ ಗಳಿಸಲು ಬೇಕಾಗಿದ್ದ ಸಂಯಮವೂ ಹೌದು. ಮಾಂಸ ಬಿಡುವುದಕ್ಕೆ ಈ ನೆಲದಲ್ಲಿ ಜಾತಿಯ ಅರ್ಥವೂ ಇರುವುದರಿಂದ ಯೂರೋಪಿನ ಉಪವಾಸ ಇಲ್ಲಿಗೆ ಬಂದಾಗ ಮೊದಲಿನ ಅರ್ಥದಲ್ಲೇ ಉಳಿಯಲಿಲ್ಲ.

ಕರಾವಳಿಯಲ್ಲಿ ಇನ್ನೊಂದು ತಮಾಷೆ ಇದೆ. ರೋಮಿನ ನಿಯಮ ಶುಕ್ರವಾರ ಬಿಡಬೇಕೆನ್ನುವುದು ಮಾಂಸವನ್ನು, ಮೀನಿಗೆ ಅಡ್ಡಿಯಿಲ್ಲ. ಕೋಳಿಗಿಂತ ಅಂಜಲ್ ತುಟ್ಟಿಯಾದ ಮಂಗಳೂರಿನಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಉಪವಾಸದ ದಿನವೇ ಒಳ್ಳೆಯ ಊಟ. ಅದಕ್ಕೇ ಹಲವು ಮನೆಗಳಲ್ಲಿ ಹಿರಿಯರು ಲೆಂಟ್ ಶುಕ್ರವಾರ ಮೀನನ್ನೂ ಬಿಟ್ಟು ಗಂಜಿ, ಉಪ್ಪಿನಕಾಯಿ, ಒಂದು ಪಲ್ಯದಲ್ಲಿ ಮುಗಿಸುತ್ತಾರೆ. ಅದೇ ಮಂಗಳೂರು ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆ ಮನೆಗೆ ತಂದು ಸಸ್ಯಾಹಾರದ ಊಟವನ್ನೇ ಮಾಡುತ್ತಾರೆ. ಅಲ್ಲಿ ಮಾಂಸವಿಲ್ಲದ ಎಲೆ ಹಬ್ಬದ ಎಲೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನ್ ಭಕ್ತಿಪಂಥದ ಹಿನ್ನೆಲೆಯವರು. ಹೃದಯದ ಪಶ್ಚಾತ್ತಾಪಕ್ಕೂ ಬೈಬಲ್ ಓದಿಗೂ ಆ ಪಂಥದಲ್ಲಿ ಮೊದಲ ಸ್ಥಾನ. ಅವರ ಪರಂಪರೆ ಸೇರಿಕೊಂಡ ಸಿ.ಎಸ್.ಐ.ನಲ್ಲಿ ಇಂದಿಗೂ ಲೆಂಟ್ ಎಂದರೆ ಊಟದ ನಿಯಮಕ್ಕಿಂತ ಹೆಚ್ಚಾಗಿ ಧ್ಯಾನಕೂಟ, ಮದುವೆಗಳನ್ನು ಮುಂದೂಡುವುದು, ಸಡಗರ ತಗ್ಗಿಸುವುದು.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯ ಬದುಕನ್ನು ಇಲ್ಲಿ ನೆನೆಯಬೇಕು. ತೀರ್ಥಯಾತ್ರೆ, ವ್ರತ, ಉಪವಾಸಗಳಲ್ಲಿ ಬಾಳಿದ ಅವರ ತಂದೆತಾಯಿ 1870ರ ದಶಕದ ಬರಗಾಲದಲ್ಲಿ ಅನ್ನವಿಲ್ಲದೆ ತೀರಿಕೊಂಡರು. ಮುಂದೆ ಕ್ರೈಸ್ತರಾದ ರಮಾಬಾಯಿ ಕೆಡಗಾಂವ್‌ನ ಮುಕ್ತಿ ಸದನದಲ್ಲಿ ಬರಪೀಡಿತ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಸಾಕಿದರು. 1905ರಲ್ಲಿ ಅಲ್ಲಿನ ಪ್ರಾರ್ಥನಾ ಜಾಗೃತಿ ದೇಶಕ್ಕೆಲ್ಲ ಸುದ್ದಿಯಾಯಿತು. ತಾನಾಗಿ ಆರಿಸಿಕೊಂಡ ಹಸಿವು ಬೇರೆ, ಮೇಲೆ ಬಿದ್ದ ಹಸಿವು ಬೇರೆ. ಎರಡನೆಯದನ್ನು ಉಂಡವರ ಮುಂದೆ ಮೊದಲನೆಯದರ ಬಗ್ಗೆ ಉಪದೇಶ ಮಾಡುವವರಿಗೆ ಸಂಕೋಚ ಇರಬೇಕು.

ಶುಕ್ರವಾರದ ಕೂಟ

ಇಂದು ಕನ್ನಡದಲ್ಲಿ 'ಉಪವಾಸ ಪ್ರಾರ್ಥನೆ' ಎಂದೊಡನೆ ಕಣ್ಣಮುಂದೆ ಬರುವುದು ಪೆಂತೆಕೋಸ್ತ ಮತ್ತು ಸ್ವತಂತ್ರ ಸಭೆಗಳ ಕೂಟ. ಇದರ ಹಿಂದೆ ಜಾಗತಿಕ ಇತಿಹಾಸವಿದೆ. 1946ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಹಾಲ್ ಉಪವಾಸ ಪ್ರಾರ್ಥನೆಯನ್ನು ಅಣುಶಕ್ತಿಗೆ ಹೋಲಿಸಿ ಬರೆದ ಪುಸ್ತಕ, ದೀರ್ಘ ಉಪವಾಸಕ್ಕೂ ರೋಗಶಾಂತಿಗೂ ಗಂಟು ಹಾಕಿ ಆ ಕಾಲದ ಬೋಧಕರ ಮೇಲೆ ದೊಡ್ಡ ಪ್ರಭಾವ ಬೀರಿತು. ದಕ್ಷಿಣ ಕೊರಿಯಾದ ಒಸಾನ್ರಿಯಲ್ಲಿ 1973ರಲ್ಲಿ ಉಪವಾಸ ಪ್ರಾರ್ಥನೆಗೆಂದೇ ಒಂದು ಬೆಟ್ಟದ ಕೇಂದ್ರ ತೆರೆಯಿತು. ದಾನಿಯೇಲ ಮೂರು ವಾರ ರುಚಿಕರ ಆಹಾರ, ಮಾಂಸ, ದ್ರಾಕ್ಷಾರಸ ಬಿಟ್ಟಿದ್ದನ್ನು ಆಧರಿಸಿದ 21 ದಿನಗಳ ಉಪವಾಸ ಈಗ ಜನವರಿ ಬಂದರೆ ನಮ್ಮ ಊರುಗಳ ಫ್ಲೆಕ್ಸ್‌ಗಳಲ್ಲೂ ಕಾಣುತ್ತದೆ.

ಕೂಟದ ಒಳಗೆ ಹೋಗಿ ನೋಡಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ಜಮಖಾನ ಹಾಸಿರುತ್ತಾರೆ. ಕೀಬೋರ್ಡ್, ಡ್ರಮ್, ಸೆರಗು ಹೊದ್ದ ಹೆಂಗಸರು. ಹಾಡು, ಆರಾಧನೆ, ವಾಕ್ಯ, ಸಾಕ್ಷಿ. ಪ್ರಾರ್ಥನೆಯ ಚೀಟಿಗಳು ಡಬ್ಬಿ ತುಂಬಿರುತ್ತವೆ: ಗಂಡ ಕುಡಿತ ಬಿಡಬೇಕು, ಮಗಳಿಗೆ ಸಂಬಂಧ ಕೂಡಿಬರಬೇಕು, ಬಡ್ಡಿ ಸಾಲ ತೀರಬೇಕು, ಸೊಸೆಗೆ ಮಕ್ಕಳಾಗಬೇಕು, ಮಗನಿಗೆ ಕೆಲಸ ಸಿಗಬೇಕು. ಎರಡು ಗಂಟೆಗೆ ಕೂಟ ಮುಗಿದ ಮೇಲೆ ಟೀ, ಚಿತ್ರಾನ್ನ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಒಂದು ಸಂಗತಿ ಮರೆಯುತ್ತಾರೆ. ಮನೆಗೆಲಸದ, ಗಾರ್ಮೆಂಟ್ಸ್‌ನ, ಮಗ್ಗದ ಹೆಂಗಸರಿಗೆ ವಾರದಲ್ಲಿ ನಾಲ್ಕು ಗಂಟೆ ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಲು, ತನಗಾಗಿ ಇನ್ನೊಬ್ಬಳು ಹಸಿದು ಬೇಡುವುದನ್ನು ಕಾಣಲು ಬೇರೆ ಜಾಗವಿಲ್ಲ.

ಕೂಟದ ಬೋಧನೆಯನ್ನು ಮಾತ್ರ ಪ್ರಶ್ನಿಸಲೇಬೇಕು. ಎಷ್ಟು ದಿನ ಉಪವಾಸ ಮಾಡಿದರೆ ಎಂಥ ಬಿಡುಗಡೆ ಎಂಬ ಪಟ್ಟಿ ಬಂದಾಗ ಕೃಪೆಯ ಮಾತು ಹಿಂದೆ ಸರಿಯುತ್ತದೆ. ಕೇಳಿದ್ದು ಸಿಗದಿದ್ದರೆ ತಪ್ಪು ಉಪವಾಸ ಮಾಡಿದವಳ ತಲೆಗೇ ಬರುತ್ತದೆ: ನಂಬಿಕೆ ಸಾಲದು, ಇನ್ನೂ ಮೂರು ದಿನ ಮಾಡು. ನಮ್ಮ ದೇಶದಲ್ಲಿ ಉಪವಾಸಕ್ಕೆ ಎದುರಿನವರನ್ನು ಮಣಿಸುವ ಸತ್ಯಾಗ್ರಹದ ಅರ್ಥವೂ ಇರುವುದರಿಂದ, ದೇವರ ಮುಂದೆಯೇ ಸತ್ಯಾಗ್ರಹ ಹೂಡುವುದು ಸಹಜವಾಗಿ ಕಾಣುತ್ತದೆ. ಗಾಂಧೀಜಿ 1924ರಲ್ಲಿ ದೆಹಲಿಯಲ್ಲಿ ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ಮಾಡಿದ 21 ದಿನಗಳ ಉಪವಾಸವನ್ನು ಪ್ರಾಯಶ್ಚಿತ್ತವೆಂದೂ ಪ್ರಾರ್ಥನೆಯೆಂದೂ ಕರೆದರು. ಅದು ಮುಗಿದ ದಿನ ಕುರಾನಿನ ಪಠಣ, ಉಪನಿಷತ್ತಿನ ಪಠಣಗಳ ಜೊತೆ ಸಿ.ಎಫ್. ಆಂಡ್ರ್ಯೂಸ್ ಶಿಲುಬೆಯ ಕೀರ್ತನೆಯೊಂದನ್ನು ಹಾಡಿದರು. ಹಸಿದವನು ಮೊದಲು ತನ್ನನ್ನೇ ತಿದ್ದಿಕೊಳ್ಳಬೇಕೆಂಬುದು ಬೈಬಲ್ಲಿಗೂ ಹತ್ತಿರವಾದ ಅರ್ಥ.

ದೇಹದ ಮಿತಿ

ಬೋಧಕನ ಮಾತೇ ದೇವರ ಮಾತಾದಾಗ ಉಪವಾಸ ಕೊಲ್ಲಲೂ ಬಲ್ಲದು. 2023ರಲ್ಲಿ ಕೆನ್ಯಾದ ಶಾಕಾಹೊಲ ಕಾಡಿನಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆಯಲಾಯಿತು. ಹಸಿದು ಸತ್ತರೆ ಯೇಸುವನ್ನು ಸೇರಬಹುದೆಂದು ನಂಬಿದ ಒಂದು ಗುಂಪಿನವರು ಅವರು, ಮಕ್ಕಳೂ ಅವರಲ್ಲಿದ್ದರು. ಇದು ಕೊನೆಯ ಅಂಚು, ನಿಜ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡದ ತೊಂದರೆ ಇರುವವರು ನೀರೂ ಬಿಟ್ಟು ಕೂರುವುದು ಅಪಾಯ. ಹಲವು ದಿನ ಪೂರ್ತಿ ಹಸಿದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೂ ಜೀವಕ್ಕೆ ಕುತ್ತು.

ಹಳೆಯ ಸಭೆಗಳು ಈ ಮಿತಿಯನ್ನು ನಿಯಮದಲ್ಲೇ ಬರೆದಿಟ್ಟಿವೆ. 1966ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಕಥೋಲಿಕ ಉಪವಾಸವನ್ನು ಸರಳಗೊಳಿಸಿದರು. 1983ರ ಧರ್ಮಸಭಾ ಕಾನೂನಿನಂತೆ ಕಡ್ಡಾಯ ಉಪವಾಸ ಈಗ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ ಅದು ಅನ್ವಯ. ಆ ದಿನವೂ ಒಂದು ಪೂರ್ತಿ ಊಟ, ಎರಡು ಸಣ್ಣ ಊಟಕ್ಕೆ ಅವಕಾಶವಿದೆ. ಇಷ್ಟು ಸಡಿಲವಾದ ಮೇಲೆ ಇದೂ ಒಂದು ಉಪವಾಸವೇ ಎಂದು ಅಣಕಿಸುವವರಿದ್ದಾರೆ. ಆದರೆ ಅದೇ ಸುಧಾರಣೆ ದಾನವನ್ನೂ ಪ್ರಾರ್ಥನೆಯನ್ನೂ ಉಪವಾಸದ ಪಕ್ಕಕ್ಕೆ ಮರಳಿ ತಂದು ಕೂರಿಸಿತು ಎಂಬುದನ್ನು ಮರೆಯಬಾರದು.

ಲೆಕ್ಕ ಮುಗಿಸುವಾಗ

ಉಪವಾಸದ ಪಕ್ಕಕ್ಕೆ ದಾನ ಮರಳಿದ ಉದಾಹರಣೆಗಳು, ಆ ಸುಧಾರಣೆಗೆ ಮೊದಲಿನವೂ ನಂತರದವೂ, ಕಣ್ಣೆದುರಿಗಿವೆ. 1958ರಲ್ಲಿ ಜರ್ಮನಿಯ ಬಿಷಪರು ಲೆಂಟ್ ಕಾಣಿಕೆಯಿಂದ ಶುರುಮಾಡಿದ ಮಿಸೆರಿಯೊರ್ ಸಂಸ್ಥೆ ಬಡದೇಶಗಳ ಹಸಿವಿನ ವಿರುದ್ಧ ಕೆಲಸ ಮಾಡುತ್ತಿದೆ. 1975ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆರಂಭವಾದ 'ಅಕ್ಕಿ ಬಟ್ಟಲು' ಯೋಜನೆಯಲ್ಲಿ ಮನೆಮಂದಿ ಲೆಂಟ್‌ನಲ್ಲಿ ಉಳಿಸಿದ್ದನ್ನು ರಟ್ಟಿನ ಡಬ್ಬಿಗೆ ಹಾಕುತ್ತಾರೆ. ಇದು ಹೆರ್ಮನ ಲೆಕ್ಕವೇ, ಹದಿನೆಂಟು ಶತಮಾನಗಳ ನಂತರ. ಸಿರಿಯಾ ಯುದ್ಧದ ವೇಳೆ 2013ರ ಸೆಪ್ಟೆಂಬರ್ 7ರಂದು, ಯುಕ್ರೇನಿಗಾಗಿ 2022ರ ವಿಭೂತಿ ಬುಧವಾರ ಫ್ರಾನ್ಸಿಸ್ ಜಗದ್ಗುರುಗಳು ಉಪವಾಸ ಪ್ರಾರ್ಥನೆಯ ದಿನ ಕರೆದಾಗ ಅದು ಪರರ ಸಂಕಟಕ್ಕಾಗಿ ಹಸಿಯುವ ಎಸ್ತೇರಳ ಕಾಲದ ರೂಢಿಗೆ ಹತ್ತಿರವಾಗಿತ್ತು.

ಇಷ್ಟೂ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತೀರ್ಪು ಸಾಧ್ಯ. ಉಪವಾಸ ದೇವರನ್ನು ಮಣಿಸುತ್ತದೆ ಎನ್ನುವುದಕ್ಕೆ ಸುವಾರ್ತೆಯಲ್ಲೂ ಹಳೆಯ ಸಭೆಯ ಬರಹಗಳಲ್ಲೂ ಗಟ್ಟಿ ಆಧಾರವಿಲ್ಲ. ದಾವೀದನ ಕತೆ ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ. ಅದು ಮನುಷ್ಯನನ್ನು ಪ್ರಾರ್ಥನೆಗೆ ಹದ ಮಾಡುತ್ತದೆ ಎಂಬುದನ್ನು ಎಲ್ಲ ಪರಂಪರೆಗಳೂ ಒಪ್ಪುತ್ತವೆ. ಆದರೆ ಯೇಸು ಒಟ್ಟಿಗೆ ಹೇಳಿದ ಮೂರರಲ್ಲಿ ನಮ್ಮ ಸಭೆಗಳು ಎರಡನ್ನು ಉಳಿಸಿಕೊಂಡು ಮೂರನೆಯದನ್ನು ಮರೆತಿವೆ. ನಮ್ಮ ಫ್ಲೆಕ್ಸ್‌ಗಳಲ್ಲಿ ಉಪವಾಸವಿದೆ, ಪ್ರಾರ್ಥನೆಯಿದೆ, ದಾನವಿಲ್ಲ. ಇರುವ ಕಾಣಿಕೆ ಚೀಲವೂ ಬಹುತೇಕ ಸಭೆಯ ಖರ್ಚಿಗೇ ತಿರುಗುತ್ತದೆ. ಅದು ರೂಆನ್‌ನ ಗೋಪುರದ ದಾರಿ.

ಸಭಾಪಾಲಕರಿಗೂ ಗುರುಗಳಿಗೂ ಕೇಳಿಕೊಳ್ಳುವುದು ಇಷ್ಟೇ: ಉಪವಾಸದ ಕೂಟ ಕರೆದ ದಿನ ಉಳಿದ ಊಟದ ಹಣಕ್ಕೆ ಬೇರೆಯೇ ಒಂದು ಡಬ್ಬಿ ಇಡಿ, ಅದು ಯಾರ ಮನೆಗೆ ಹೋಯಿತೆಂದು ಮುಂದಿನ ವಾರ ಸಭೆಗೆ ಲೆಕ್ಕ ಕೊಡಿ. ಉಪವಾಸ ಮಾಡುವವರಿಗೆ: ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲು ವೈದ್ಯರನ್ನು ಕೇಳಿ, ಮನೆಗೆಲಸದವಳ ಸಂಬಳ ಬಾಕಿ ಇದ್ದರೆ ಅದನ್ನು ಕೊಟ್ಟು ಬಂದು ಪ್ರಾರ್ಥನೆಗೆ ಕೂತುಕೊಳ್ಳಿ, ಬಿಟ್ಟ ಊಟದ ಬೆಲೆಯನ್ನು ಅಂದು ಸಂಜೆಯೊಳಗೆ ಹಸಿದವರಿಗೆ ಮುಟ್ಟಿಸಿ.